ಎರಡು ಸಲ ಬಿದ್ದು ಏಳುವ ಮಾತು

ಲಾಯದಕ್ಕನಿಗೆ ಕಿವಿ ಕೇಳಿಸದು. ಮೂರು ವರ್ಷದವಳಿದ್ದಾಗ ಬಂದ ಜ್ವರ ಹದಿನೈದು ದಿನ ಕಾಡಿ, ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಅಷ್ಟರಲ್ಲಿ ಬಾಯಿಗೆ ಬಂದಿದ್ದ ಹತ್ತಿಪ್ಪತ್ತು ಮಾತುಗಳೂ ಒಂದೊಂದಾಗಿ ಉದುರಿಹೋದವು. ಹತ್ತಿರದ ಶಾಲೆಯ ಹೆಡ್‌ಮೇಷ್ಟ್ರು "ಪಾಠ ಕೇಳಿಸದೇ ಇರೋ ಮಗೂನ ನಾನು ಯಾವ ಬೆಂಚಲ್ಲಿ ಕೂರಿಸ್ಲಿ?" ಎಂದು ಕೈತೊಳೆದುಕೊಂಡರು. ಅಪ್ಪ ಕುದುರೆ ಸಾಕುವ ಲಾಯದಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ಬಿಟ್ಟರೆ ರಸ್ತೆಗೆ ಓಡುತ್ತಾಳೆ, ಹಿಂದಿನಿಂದ ಬರುವ ಗಾಡಿ ಕೇಳಿಸದು ಎಂಬ ಭಯಕ್ಕೆ ಮಗಳನ್ನು ದಿನವೂ ಜೊತೆಗೆ ಕರೆದೊಯ್ದರು. ಹಾಗೆ ಹೋದವಳು ಐವತ್ತೇಳು ವರ್ಷ ಅಲ್ಲಿಂದ ಕದಲಲಿಲ್ಲ.

ಎದುರುಬದುರು ಎರಡು ಸಾಲು, ಸಾಲಿಗೆ ಹನ್ನೊಂದು ಬಾಗಿಲು, ಎಲ್ಲವೂ ಎದೆಯೆತ್ತರದ ಅರ್ಧ ಬಾಗಿಲು. ಇಟ್ಟಿಗೆ ನೆಲದ ನಡುವೆ ನೀರು ಹರಿದುಹೋಗಲು ಒಂದು ಕಿರುಗಾಲುವೆ. ತುದಿಯಲ್ಲಿ, ಹುಲ್ಲಿನ ಕೋಣೆಗೆ ಅಂಟಿಕೊಂಡಂತೆ, ಉಳಿದವುಗಳಿಗಿಂತ ದುಪ್ಪಟ್ಟು ದೊಡ್ಡದಾದ ಬಾಣಂತಿ ಕೋಣೆ. ಆ ಕೋಣೆಯ ನೆಲಕ್ಕೆ ಮೊಣಕಾಲುದ್ದ ಒಣಹುಲ್ಲು ಹಾಸಬೇಕು. ಹಾಸುವುದು, ಗುಡಿಸುವುದು, ಮೈ ತಿಕ್ಕುವುದು, ಗೊರಸು ಕೆರೆಯುವುದು, ಎಲ್ಲವನ್ನೂ ಅವಳು ನೋಡಿಯೇ ಕಲಿತಳು. ಬಾಗಿಲಿನ ಹಲಗೆಗೆ ಅಂಗೈ ಒತ್ತಿ ನಿಂತರೆ ಒಳಗಿನ ಕುದುರೆ ಯಾವ ಕಾಲನ್ನು ಎತ್ತಿ ಎತ್ತಿ ಇಡುತ್ತಿದೆ ಎಂದು ಹೇಳಬಲ್ಲಳು. ಹೊಟ್ಟೆನೋವು ಬಂದ ಕುದುರೆ ಇನ್ನೂ ನೆಲಕ್ಕೆ ಉರುಳುವ ಮೊದಲೇ ಅವಳು ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. "ನಮಗೆಲ್ಲ ಎರಡು ಕಿವಿ, ಲಾಯದಕ್ಕನಿಗೆ ಮೈಯೆಲ್ಲ ಕಿವಿ" ಎಂದು ಅಲ್ಲಿನವರು ಹೊಸಬರಿಗೆ ಹೇಳುತ್ತಿದ್ದರು. ಹೇಳುವಾಗ ತಮ್ಮದೇ ಹೆಚ್ಚುಗಾರಿಕೆ ಎಂಬಂತೆ ಎದೆಯುಬ್ಬಿಸಿ ಹೇಳುತ್ತಿದ್ದರು.

ಎಂಟು ವರ್ಷದವಳಿದ್ದಾಗ ಒಂದು ಬೆಳಗ್ಗೆ ಅಪ್ಪ ಅವಳನ್ನು ಬಾಣಂತಿ ಕೋಣೆಯ ಬಾಗಿಲ ಮುಂದೆ ಬಕೆಟ್ಟಿನ ಮೇಲೆ ನಿಲ್ಲಿಸಿದರು. ಒಳಗೆ ಕಂದು ಹೆಣ್ಣುಕುದುರೆ ಆಗಷ್ಟೇ ಮರಿ ಹಾಕಿತ್ತು. ಒದ್ದೆ ಚೀಲದಂತೆ ಬಿದ್ದಿದ್ದ ಮರಿ ಮೊದಲು ಮುಂಗಾಲುಗಳನ್ನು ಉದ್ದಕ್ಕೆ ಚಾಚಿತು, ಎದ್ದಿತು, ಮಂಡಿ ಮಡಿಸಿ ಕುಸಿಯಿತು. ಮತ್ತೆ ಎದ್ದಿತು, ಪಕ್ಕಕ್ಕೆ ಜಾರಿತು. ಮೂರನೆಯ ಸಲ ಎದ್ದದ್ದು ನಾಲ್ಕೂ ಕಾಲನ್ನು ಅಗಲಿಸಿಕೊಂಡು ನಿಂತೇಬಿಟ್ಟಿತು. ತಾಯಿಕುದುರೆ ಮೂತಿಯಿಂದ ಒಮ್ಮೆ ನೂಕಿ ನೋಡಿತು. ಬೀಳಲಿಲ್ಲ.

ಅವಳು ಮನೆಗೆ ಓಡಿಬಂದಳು. ಅಮ್ಮ ಒಣಗಿದ ಬಟ್ಟೆ ಮಡಿಸುತ್ತ ಕುಳಿತಿದ್ದಳು. ಕಂಡದ್ದನ್ನೆಲ್ಲ ಹೇಳಬೇಕು, ಆದರೆ ಹೇಳಲು ಅವಳ ಬಳಿ ಏನಿತ್ತು? ಊಟಕ್ಕೆ, ನೀರಿಗೆ, ನಿದ್ದೆಗೆ, ಅಪ್ಪ ಬಂದರು ಎನ್ನುವುದಕ್ಕೆ ಮನೆಯಲ್ಲಿ ಬಳಕೆಯಲ್ಲಿದ್ದ ಸನ್ನೆಗಳು ಇಪ್ಪತ್ತೂ ಇರಲಿಲ್ಲ. ಅವಳು ಅಮ್ಮನ ಕೈಯಲ್ಲಿದ್ದ ಬಟ್ಟೆಯನ್ನು ಕಿತ್ತು ಪಕ್ಕಕ್ಕಿಟ್ಟಳು. ತನ್ನ ಎಡ ಅಂಗೈಯನ್ನು ನೆಲ ಮಾಡಿಕೊಂಡಳು. ಬಲಗೈಯ ಎರಡು ಬೆರಳನ್ನು ಅದರ ಮೇಲೆ ನಿಲ್ಲಿಸಿ, ಗೆಣ್ಣು ಮಡಿಸಿ ಬೀಳಿಸಿದಳು. ಎಬ್ಬಿಸಿ, ಪಕ್ಕಕ್ಕೆ ಜಾರಿಸಿ ಮತ್ತೆ ಬೀಳಿಸಿದಳು. ಆಮೇಲೆ ಎಬ್ಬಿಸಿ, ಬೆರಳೆರಡನ್ನೂ ಅಗಲಿಸಿ, ನಡುಗಿಸಿ, ನಿಲ್ಲಿಸಿದಳು.

ಅಮ್ಮ ಅವಳ ಮುಖ ನೋಡಿದಳು, ಕೈ ನೋಡಿದಳು, ಮಂಡಿಗೆ ಮೆತ್ತಿದ್ದ ಹುಲ್ಲು ನೋಡಿದಳು. ಆಮೇಲೆ ತನ್ನ ಅಂಗೈ ಚಾಚಿ, ತನ್ನೆರಡು ಬೆರಳನ್ನು ಹಾಗೆಯೇ ಬೀಳಿಸಿ ಎಬ್ಬಿಸಿ, ಹುಬ್ಬೇರಿಸಿ ಕೇಳಿದಳು: ಮರಿ ಹಾಕಿತಾ?

ಆವತ್ತಿನಿಂದ ಆ ಮನೆಯಲ್ಲಿ, ಆಮೇಲೆ ಆ ಲಾಯದಲ್ಲಿ, ಕುದುರೆ ಮರಿ ಎಂದರೆ ಅದೇ.

ಅವಳಿಗೊಬ್ಬ ತಮ್ಮ. ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವನು. ಬಾಯಿಗಿಂತ ಮೊದಲು ಕೈಯಲ್ಲಿ ಮಾತಾಡಲು ಕಲಿತವನು; ಆದರೆ ಬಾಯಿ ಬಂದಮೇಲೆ ಅಕ್ಕನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸಬೇಕು ಎಂದು ಹಟ ಹಿಡಿದವನ ಹಾಗೆ ಬೆಳೆದ. ಅದೇ ಲಾಯದಲ್ಲಿ ಲಾಳ ಹೊಡೆಯುವ ಕೆಲಸ ಹಿಡಿದ. ಹಲ್ಲಿನ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿದ್ದರೂ ಅವನ ಮಾತು ನಿಲ್ಲುತ್ತಿರಲಿಲ್ಲ. ಲಾಯದ ಒಡೆಯರಾದ ಸಾಹೇಬರಿಂದ ಹಿಡಿದು ಹುಲ್ಲಿನ ಗಾಡಿಯವನವರೆಗೆ ಎಲ್ಲರಿಗೂ ಅಕ್ಕನ ಕೈಯನ್ನು ಓದಿ ಹೇಳುವವನು ಅವನೇ. ಕೆಲವು ಸಲ ಅವಳು ನಾಲ್ಕು ಸನ್ನೆ ಮಾಡಿದರೆ ಇವನು ಹದಿನಾಲ್ಕು ಮಾತು ಹೇಳುತ್ತಿದ್ದ. ತುಟಿ ಓದಲು ಬರುತ್ತಿದ್ದ ಅವಳು, ಒಗ್ಗರಣೆ ಹೆಚ್ಚಾದಾಗ ಅವನ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು.

ಸನ್ನೆ ಲಾಯದ ಒಳಗೇ ಬೆಳೆಯಿತು. ಕಸಬರಿಗೆಯನ್ನು ತಲೆಕೆಳಗಾಗಿ ಹಿಡಿದ ಹೊಸ ಕೆಲಸಗಾರನನ್ನು ತೋರಿಸಿ ಯಾರೋ ಎರಡು ಬೆರಳನ್ನು ಅಂಗೈ ಮೇಲೆ ಬೀಳಿಸಿದರು. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಲೇಜು ಮುಗಿಸಿ ಆಗಷ್ಟೇ ಬಂದ ಡಾಕ್ಟರು ಮೊದಲ ದಿನವೇ ಒದ್ದೆ ಇಟ್ಟಿಗೆಯ ಮೇಲೆ ಜಾರಿದರು, ಎದ್ದರು, ಚೀಲ ಎತ್ತಿಕೊಳ್ಳಲು ಬಗ್ಗಿದವರು ಮತ್ತೆ ಜಾರಿದರು. ಅವರಿಗಂತೂ ಸನ್ನೆ ಹೇಳಿ ಮಾಡಿಸಿದ ಹಾಗಿತ್ತು. ತಲೆ ನರೆತು ನಿವೃತ್ತರಾಗುವವರೆಗೂ ಅಲ್ಲಿನವರ ಕೈಯಲ್ಲಿ ಅವರು ಮರಿ ಡಾಕ್ಟರೇ. ಸೊಂಟದ ಆಪರೇಷನ್ ಮಾಡಿಸಿಕೊಂಡ ಸಾಹೇಬರು ಊರುಗೋಲು ಹಿಡಿದು ಲಾಯಕ್ಕೆ ಬಂದ ದಿನ, ಯಾರೂ ಕೈಯೆತ್ತುವ ಮೊದಲು ಅವರೇ ತಮ್ಮ ಅಂಗೈ ಮೇಲೆ ಎರಡು ಬೆರಳನ್ನು ನಡುಗಿಸಿ ತೋರಿಸಿದರು. ಹೊಸದಾಗಿ ಶುರುಮಾಡಿದವರು, ಬಿದ್ದರೂ ಬಿಡದವರು ಎಲ್ಲರೂ ಆ ಎರಡು ಬೆರಳೊಳಗೆ ಬಂದು ಸೇರಿಕೊಂಡರು.

ಇಷ್ಟಾದರೂ ಅದು ಆ ಇಪ್ಪತ್ತೆರಡು ಬಾಗಿಲುಗಳ ಒಳಗಿನ ಮಾತು ಎಂದೇ ಲಾಯದಕ್ಕ ತಿಳಿದಿದ್ದಳು.

ತಮ್ಮನ ಮಗಳು ದೊಡ್ಡವಳಾಗಿ ನಗರದ ಕಿವುಡ ಮಕ್ಕಳ ಶಾಲೆಗೆ ಟೀಚರ್ ಆಗಿ ಸೇರಿದಳು. ಅತ್ತೆಯ ಕೈಯಲ್ಲೇ ಮಾತು ಕಲಿತ ಹುಡುಗಿ. ಸೇರಿದ ಮೊದಲ ವಾರಾಂತ್ಯವೇ ಚಪ್ಪಲಿ ಕೂಡ ಬಿಚ್ಚದೆ ಒಳಗೆ ನುಗ್ಗಿ, ಅತ್ತೆಯ ಎರಡೂ ಭುಜ ಹಿಡಿದು ಕುಲುಕಿದಳು.

"ಅತ್ತೆ, ನಮ್ಮ ಕ್ಲಾಸಲ್ಲಿ ಒಬ್ಬಳು ಹುಡುಗಿ ಹಗ್ಗದಾಟ ಆಡ್ತಾ ಬಿದ್ದಳು. ಪಕ್ಕದವಳು ಅವಳಿಗೆ ಏನು ಅಂದಳು ಗೊತ್ತಾ?" ಎಂದು ಕೈಯಲ್ಲಿ ಕೇಳಿ, ಅಂಗೈ ಮೇಲೆ ಎರಡು ಬೆರಳನ್ನು ಬೀಳಿಸಿ ತೋರಿಸಿದಳು. "ನಾನು ಹೇಳಿಕೊಟ್ಟಿಲ್ಲ, ನಿನ್ನಾಣೆ! ನಾನು ಹೋಗೋ ಮೊದಲೇ ಅಲ್ಲಿತ್ತು."

ವಿಚಾರಿಸಿದಾಗ ದಾರಿ ಸಿಕ್ಕಿತು. ಸನ್ನೆ ಮಾಡಿದ ಆ ಮಗುವಿನ ಅಪ್ಪ ಆರು ಗಂಟೆ ದಾರಿ ದೂರದ ಇನ್ನೊಂದು ಲಾಯದಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಆ ಸನ್ನೆಯನ್ನು ತಂದವನು ಕುದುರೆ ಸಾಗಿಸುವ ಲಾರಿಯ ಡ್ರೈವರ್. ವರ್ಷಗಟ್ಟಲೆ ಇವರ ಲಾಯದಿಂದ ಮರಿಗಳನ್ನು ಹತ್ತಿಸಿಕೊಂಡು ಹೋದವನು ಅವನೇ. ಎಂಜಿನ್ನಿನ ಸದ್ದಿನಲ್ಲಿ ಕೂಗಿ ಹೇಳುವುದಕ್ಕಿಂತ ಬೆರಳಲ್ಲಿ ಹೇಳುವುದು ಸುಲಭವೆಂದು ಕಲಿತುಕೊಂಡಿದ್ದನಂತೆ.

"ನೋಡಕ್ಕ, ನೀನು ಈ ಊರು ಬಿಟ್ಟು ಹೋಗಿಲ್ಲ. ನಿನ್ನ ಮಾತು ಲಾರಿ ಹತ್ತಿ ದೇಶ ಸುತ್ತಿದೆ!" ಎಂದ ತಮ್ಮ.

ಲಾಯದಕ್ಕ ಆವತ್ತು ಊಟಕ್ಕೆ ಕುಳಿತವಳು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸೋದರಸೊಸೆಯನ್ನು ಕರೆದು ಕೇಳಿದಳು: ಆ ಮಗು ಎಷ್ಟು ಸಲ ಬೀಳಿಸಿತು?

"ಒಂದು ಸಲ."

ಒಂದೇನಾ? ಲಾಯದಕ್ಕ ಮುಖ ಸಿಂಡರಿಸಿದಳು. ತಪ್ಪು. ಹೋಗಿ ತಿದ್ದು.

ಸೊಸೆ ಮಗುವನ್ನು ತಿದ್ದುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿದಳು. ಆ ಶಾಲೆಯಲ್ಲೇ ಒಂದು ಮಂಡಳಿ ಸನ್ನೆಗಳ ನಿಘಂಟು ತಯಾರಿಸುತ್ತಿತ್ತು. ಒಂದೊಂದು ಸನ್ನೆಯನ್ನೂ ವಿಡಿಯೋದಲ್ಲಿ ಹಿಡಿದು, ಕೆಳಗೆ ಅರ್ಥ, ಬಳಕೆ, ಮೂಲ ಬರೆಯುವ ಕೆಲಸ. ಅದರಲ್ಲಿ ಕುದುರೆ ಮರಿಗೆ ಪ್ರತ್ಯೇಕ ಸನ್ನೆ ಇರಲಿಲ್ಲ. ಕುದುರೆಯ ಸನ್ನೆ ಮಾಡಿ, ಅದರ ಪಕ್ಕ ಚಿಕ್ಕದು ಎಂಬ ಸನ್ನೆ ಮಾಡಿ ಮುಗಿಸಿದ್ದರು. ಸೊಸೆ ಮಂಡಳಿಗೆ ಅರ್ಜಿ ಹಾಕಿದಳು. ವಾರಾವಾರ ಶಾಲೆಯ ಸನ್ನೆಗಳನ್ನು ಅವಳಿಂದ ಕಲಿಯುತ್ತಿದ್ದ ಅತ್ತೆಗೆ ಕರೆ ಬಂತು.

ಒಂದು ಗುರುವಾರ ಬೆಳಗ್ಗೆ ಲಾಯದಕ್ಕ ಇಸ್ತ್ರಿ ಹಾಕಿದ ಸೀರೆ ಉಟ್ಟು, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದಳು. ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಮಂಡಳಿಯ ಕೋಣೆ ಶಾಲೆಯ ಮಹಡಿಯ ಮೇಲಿತ್ತು. ಎಲ್ಲರಿಗೂ ಎಲ್ಲರ ಕೈ ಕಾಣಲೆಂದು ಮೇಜನ್ನು ದುಂಡಗೆ ಹಾಕಿದ್ದರು, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಪರದೆ ಎಳೆದಿದ್ದರು. ಅಧ್ಯಕ್ಷರ ಕುರ್ಚಿಯಲ್ಲಿ ಬಿಳಿ ಮೀಸೆಯ ಹಿರಿಯರೊಬ್ಬರಿದ್ದರು. ಅವರಿಗೂ ಕಿವಿ ಕೇಳಿಸದು. ನಲವತ್ತು ವರ್ಷ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸಿದವರು, ಹಾಗಾಗಿ ಎಲ್ಲರಿಗೂ ಮೊಳೆ ಅಜ್ಜ. ಒಂದು ಅಕ್ಷರ ತಲೆಕೆಳಗಾದರೂ ಬಿಡದ ಜನ. ಅವರ ಪಕ್ಕದಲ್ಲಿ ಸೊಸೆ. ಇನ್ನೊಂದು ಪಕ್ಕದಲ್ಲಿ ಕನ್ನಡ ಪಾಠ ಮಾಡುವ ಮೇಡಂ, ಕಿವಿ ಕೇಳುವವರು, ಸನ್ನೆಯನ್ನು ಆಮೇಲೆ ಕಲಿತವರು.

ಲಾಯದಕ್ಕ ಸೆರಗಿನಿಂದ ಕೈ ಹೊರಗೆ ತೆಗೆದು ಸನ್ನೆ ಮಾಡಿ ತೋರಿಸಿದಳು.

ಮೊಳೆ ಅಜ್ಜ ಮೂಗು ಮುರಿದರು. "ಕುದುರೆಗೆ ನಾಲ್ಕು ಕಾಲು. ನೀವು ಎರಡೇ ತೋರಿಸ್ತೀರಿ. ನೋಡಿದವರು ಮನುಷ್ಯ ಅಂದ್ಕೊಂಡ್ರೆ? ಬರೀ ನಿಲ್ಲೋದಕ್ಕೂ ನಮ್ಮಲ್ಲಿ ಇದೇ ಎರಡು ಬೆರಳು."

"ಅದು ಮುಂಗಾಲು. ಮರಿ ಮೊದಲು ಊರೋದು ಅದನ್ನೇ" ಎಂದಳು ಲಾಯದಕ್ಕ, ಕೈಯಲ್ಲಿ.

"ಹಸುವಿನ ಕರು ಅಂತಾನೂ ಅನ್ಕೋಬಹುದಲ್ಲ?"

ಲಾಯದಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಹಸು ಹಿಂಭಾಗ ಮೊದಲು ಎತ್ತುತ್ತೆ, ಕುದುರೆ ಮುಂಭಾಗ. ನೀವು ಯಾವತ್ತೂ ನೋಡಿಲ್ವಾ?" ಎಂದು ಕೇಳಿ, ಕುರ್ಚಿಯಿಂದ ಇಳಿದು, ಇಸ್ತ್ರಿ ಸೀರೆಯ ಪರಿವೆಯಿಲ್ಲದೆ ನೆಲದ ಮೇಲೆ ಕೈಕಾಲೂರಿದಳು. ಮೊದಲು ಹಸುವಿನಂತೆ ಎದ್ದಳು, ಹಿಂಭಾಗ ಮೇಲೆ, ತಲೆ ಕೆಳಗೆ. ಮತ್ತೆ ಕುಳಿತು ಕುದುರೆಯಂತೆ ಎದ್ದಳು, ಕೈ ಚಾಚಿ, ಎದೆ ಮೇಲೆ. ಅರವತ್ತೈದರ ಹೆಂಗಸು ಏದುಸಿರು ಬಿಡದೆ ಎದ್ದು ಕುರ್ಚಿಗೆ ಬಂದು ಕುಳಿತಳು. ಮೇಜಿನ ಸುತ್ತಲಿದ್ದವರೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ಮೊಳೆ ಅಜ್ಜ ಮೀಸೆಯಡಿ ನಗು ಮುಚ್ಚಿಕೊಂಡು ಪೆನ್ನು ಎತ್ತಿಕೊಂಡರು.

"ಎಷ್ಟು ಸಲ ಬೀಳಬೇಕು? ಸರಿಯಾಗಿ ಹೇಳಿ. ಅಚ್ಚಾದ ಮೇಲೆ ತಿದ್ದೋಕಾಗಲ್ಲ."

"ಎರಡು."

"ಒಂದು ಸಾಲದಾ?"

"ಒಂದು ಸಲ ಯಾರು ಬೇಕಾದ್ರೂ ಬೀಳ್ತಾರೆ."

"ಮೂರು ಯಾಕಾಗಬಾರದು?"

"ಮೂರಾದ್ರೆ ಡಾಕ್ಟ್ರನ್ನ ಕರೀಬೇಕು."

ತಮ್ಮ ಇದನ್ನು ಬಾಯಲ್ಲಿ ಹೇಳುವ ಮೊದಲೇ ಕೋಣೆಯ ತುಂಬ ನಗು. ಕೈ ಓದುವವರಿಗೆ ಅವನ ಬಾಯಿ ಏಕೆ ಬೇಕು? ಬೆಳಗಿನಿಂದ ಅವನಿಗೆ ಒಂದು ಮಾತಿನ ಕೆಲಸವೂ ಸಿಕ್ಕಿರಲಿಲ್ಲ.

ಆಮೇಲೆ ಅರ್ಥದ ಚರ್ಚೆ ಬಂತು. ನಗರದ ಜನ ಕುದುರೆ ಮರಿಯನ್ನು ನೋಡುವುದು ಎಲ್ಲಿ ಬಂತು, ಹೊಸದಾಗಿ ಕಲಿಯುವವರು ಎಂಬ ಅರ್ಥವೇ ಮೊದಲು ಇರಲಿ, ಮರಿ ಬೇಕಾದರೆ ಕೆಳಗೆ ಬರಲಿ ಎಂದು ಒಬ್ಬರು ಸೂಚಿಸಿದರು. ಲಾಯದಕ್ಕನ ಮುಖ ಕೆಂಪಾಯಿತು. ಅವಳು ಕೈಯೆತ್ತುವ ಮೊದಲೇ ಕನ್ನಡ ಮೇಡಂ ಕೈಯೆತ್ತಿದರು.

"ಒಂದು ವಿಷಯ ಹೇಳ್ತೀನಿ" ಎಂದು ಅವರು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಕಿಶೋರ ಎಂದು ಬರೆದರು. "ಇದರ ಅರ್ಥ ಏನು?"

ಹುಡುಗ, ಎಳೆ ವಯಸ್ಸಿನವನು ಎಂದು ನಾಲ್ಕು ಕೈ ಒಟ್ಟಿಗೆ ಹೇಳಿದವು.

"ಈಗ ಹೌದು. ಸಂಸ್ಕೃತದಿಂದ ಬಂದ ಪದ ಇದು. ಅಲ್ಲಿ ಮೊದಲಿದ್ದ ಅರ್ಥ ಕುದುರೆ ಮರಿ. ಕಿಶೋರಿ ಅಂದ್ರೆ ಹೆಣ್ಣುಮರಿ. ಆಮೇಲೆ ಮರಿಯ ಹಾಗೆ ಜಿಗಿಯೋ ವಯಸ್ಸಿನ ಮಕ್ಕಳಿಗೂ ಅದೇ ಪದ ಬಂತು. ಮಕ್ಕಳು ಒಳಗೆ ಬಂದ್ರು, ಕುದುರೆ ಹೊರಗೆ ಹೋಯ್ತು. ಹಳೇ ನಿಘಂಟು ತೆಗೆದರೆ ಮಾತ್ರ ಕಾಣುತ್ತೆ. ಮನೇಲಿ ನಾವು ಏನಂತೀವಿ? ಹಸುವಿಗಾದ್ರೆ ಕರು ಅಂತ ಸ್ವಂತ ಮಾತಿದೆ. ಕುದುರೆಗೆ? ಮರಿ. ನಾಯಿಗೂ ಮರಿ, ಬೆಕ್ಕಿಗೂ ಮರಿ, ಕುರಿಗೂ ಮರಿ, ಆನೆಗೂ ಮರಿ. ಕುದುರೆಯದೇ ಅಂತ ಬಾಯಲ್ಲಿ ಒಂದು ಪದ ಉಳಿಸಿಕೊಂಡಿಲ್ಲ ನಾವು." ಅವರು ಲಾಯದಕ್ಕನ ಕಡೆ ತಿರುಗಿದರು. "ಇವರ ಕೈಯಲ್ಲಿದೆ."

ತಾನು ಹುಟ್ಟಿಸಿದ ಮಾತು ಕಿವಿ ಕೇಳುವವರ ಬಾಯಲ್ಲೂ ಇಲ್ಲದ ಮಾತು ಎಂದು ಲಾಯದಕ್ಕನಿಗೆ ಗೊತ್ತಾದದ್ದು ಆ ಕ್ಷಣ. ಜನ ಇಷ್ಟು ವರ್ಷ ಅವಳಿಗೆ ಮಾತಿಲ್ಲ, ಪಾಪ, ಎಂದಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಉಗುರು ಕಪ್ಪಾಗಿದ್ದ ಕೈಯನ್ನು ಮೇಜಿನ ನಡುವೆ, ಎಲ್ಲರಿಗೂ ಕಾಣುವಂತೆ, ಚಾಚಿದಳು.

"ಮಕ್ಕಳು ಬರ್ಲಿ, ಡಾಕ್ಟ್ರು ಬರ್ಲಿ, ಬೇಡ ಅನ್ನಲ್ಲ. ಮರೀನ ಮಾತ್ರ ಹೊರಗೆ ಅಟ್ಟಬೇಡಿ. ಅದು ಮೊದಲು."

ಮೊಳೆ ಅಜ್ಜ ಬರೆದರು. ಒಂದು, ಕುದುರೆ ಮರಿ. ಎರಡು, ಹೊಸದಾಗಿ ಶುರುಮಾಡಿ, ಬಿದ್ದರೂ ಬಿಡದವರು.

ಕೊನೆಗೆ ಉಳಿದದ್ದು ಮೂಲದ ಕಾಲಂ. ಬಹುಪಾಲು ಸನ್ನೆಗಳಿಗೆ ಆ ಜಾಗ ಖಾಲಿ ಬಿಟ್ಟಿದ್ದರು. ಕಿಶೋರ ಪದ ಕೂಡ ಸಂಸ್ಕೃತಕ್ಕೂ ಹಿಂದೆ ಎಲ್ಲಿಂದ ಬಂತೆಂದು ಖಚಿತವಾಗಿ ಹೇಳುವವರಿಲ್ಲ ಎಂದು ಮೇಡಂ ಹೇಳಿದರು. "ಇದಕ್ಕಾದ್ರೆ ಹೇಳುವವರು ಇಲ್ಲೇ ಕೂತಿದ್ದಾರೆ. ನಿಮ್ಮ ಹೆಸರು ಬರೀಲಾ ಅಮ್ಮ?"

ತಮ್ಮ ಎದ್ದು ನಿಂತೇಬಿಟ್ಟಿದ್ದ, ಹೆಸರು ಹೇಳಲು. ಲಾಯದಕ್ಕ ಅವನ ಅಂಗಿ ಹಿಡಿದು ಕೂರಿಸಿದಳು.

"ನಮ್ಮಮ್ಮನ್ನೂ ಸೇರಿಸಿ ಬರೀರಿ" ಎಂದಳು.

"ಸನ್ನೆ ಮಾಡಿದ್ದು ನೀವಲ್ವಾ?"

"ನಾನು ಮಾಡಿದಾಗ ಅದು ಬರೀ ಬೆರಳಾಟ. ಅಮ್ಮ ಅದನ್ನೇ ತಿರುಗಿ ಮಾಡಿ ಕೇಳಿದ್ಲು. ಆಗಲೇ ಅದು ಮಾತಾಗಿದ್ದು."

ಮೊಳೆ ಅಜ್ಜ ತಲೆಯಾಡಿಸಿದರು. ಅವರದೂ ಕೇಳಿಸದ ಬಾಲ್ಯವೇ. ಪೆನ್ನು ಹಿಡಿದು ಬರೆದರು: ಕುದುರೆ ಲಾಯದ ಒಬ್ಬ ಹುಡುಗಿ ಮತ್ತು ಅವಳ ತಾಯಿ. ಬರೆದದ್ದನ್ನು ತಿರುಗಿಸಿ ಅವಳ ಮುಂದೆ ಹಿಡಿದರು. ಬಾಗಿಲಿನ ಫಲಕಗಳ ಮೇಲೆ ಕುದುರೆಗಳ ಹೆಸರು ನೋಡುತ್ತ ಅಕ್ಷರ ಕೂಡಿಸಿಕೊಂಡವಳು ಅವಳು. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. 'ಒಬ್ಬ' ತಪ್ಪು, 'ಒಬ್ಬಳು' ಆಗಬೇಕು ಎಂದು ತೋರಿಸಿದಳು. ಮೊಳೆ ಜೋಡಿಸಿದ ಕೈ ತಪ್ಪು ಬರೆದದ್ದಕ್ಕೆ ಅಜ್ಜ ಹಣೆ ಚಚ್ಚಿಕೊಂಡು ತಿದ್ದಿದರು.

ಅದಾದ ಎರಡು ತಿಂಗಳಿಗೆ ಕ್ಯಾಮೆರಾದವರು ಲಾಯಕ್ಕೇ ಬಂದರು. ಬಾಣಂತಿ ಕೋಣೆಯ ಅರ್ಧ ಬಾಗಿಲ ಮುಂದೆ ನಿಂತು ಅವಳು ಒಂದೇ ಸಲಕ್ಕೆ ಸರಿಯಾಗಿ ಮಾಡಿ ತೋರಿಸಿದಳು. ಇನ್ನೊಂದು ಸಲ ಮಾಡಿ ಎಂದಾಗ, ಒಳಗಿನ ಹೆಣ್ಣುಕುದುರೆಗೆ ದೀಪದ ಬೆಳಕು ಹಿಡಿಸುತ್ತಿಲ್ಲ, ಆರಿಸಿ ಹೊರಡಿ ಎಂದು ಅಟ್ಟಿದಳು.

ಲಾಯದ ಮಾತುಗಳು ಇನ್ನೂ ಎಷ್ಟೋ ಇವೆ ಎಂದು ಮಂಡಳಿಗೆ ಗೊತ್ತಾದ ಮೇಲೆ ಅವಳನ್ನು ಸದಸ್ಯೆಯನ್ನಾಗಿ ಮಾಡಿಕೊಂಡರು. ಈಗ ಪ್ರತಿ ಗುರುವಾರ ದುಂಡು ಮೇಜಿನಲ್ಲಿ ಮೊಳೆ ಅಜ್ಜನ ಎದುರಿಗೆ ಅವಳದೊಂದು ಕುರ್ಚಿ. ಕಡಿವಾಣ, ಕೆನೆತ, ನಾಗಾಲೋಟ, ಒಂದೊಂದಕ್ಕೂ ಅವರಿಬ್ಬರ ಜಗಳ. ತಮ್ಮನಿಗೆ ಅಲ್ಲಿ ಕೆಲಸವೇನೂ ಇಲ್ಲ. ಆದರೂ ರಜೆ ಹಾಕಿ ಜೊತೆಗೆ ಬರುತ್ತಾನೆ, ಅಕ್ಕನ ಚೀಲ ಹಿಡಿದು ಕಿಟಕಿಯ ಬಳಿ ಕೂರುತ್ತಾನೆ.

ಮೊನ್ನೆ ಕುಂಟುವ ಕುದುರೆಯ ಸನ್ನೆಗೆ ಮುಕ್ಕಾಲು ಗಂಟೆ ಹಿಡಿಯಿತು. ನೋವು ಗೊರಸಿನಲ್ಲಿದ್ದರೆ ಒಂದು ಕುಂಟು, ಭುಜದಲ್ಲಿದ್ದರೆ ಇನ್ನೊಂದು, ಎರಡನ್ನೂ ಬೇರೆ ಬೇರೆ ಬರೆಯಲೇಬೇಕು ಎಂದು ಅವಳ ಹಟ. ಒಂದು ಪದಕ್ಕೆ ಒಂದೇ ವಿಡಿಯೋ ಎಂದು ಅಜ್ಜನ ಹಟ. ಚಹಾ ತಂದ ಹುಡುಗಿ ಆ ಕೈಗಳ ಓಡಾಟ ನೋಡಿ ಬಾಗಿಲಲ್ಲೇ ನಿಂತಳು.

"ಅಂಕಲ್, ಏನಕ್ಕೆ ಜಗಳ?" ಎಂದು ತಮ್ಮನನ್ನು ಕೇಳಿದಳು.

"ಅವರ ವೇಗಕ್ಕೆ ನನ್ನ ಕಣ್ಣು ಓಡಲ್ಲಮ್ಮ" ಎಂದ ತಮ್ಮ, ಎದೆಯುಬ್ಬಿಸಿ. "ಆದ್ರೆ ಗೆಲ್ಲೋದು ನಮ್ಮಕ್ಕ."

ಮೇಜಿನಾಚೆಯಿಂದ ಅವನ ತುಟಿಯನ್ನು ಓದಿಕೊಂಡ ಲಾಯದಕ್ಕ, ಚಹಾ ಅಲ್ಲೇ ಇಡು ಎಂದು ಕಣ್ಣಲ್ಲೇ ಹೇಳಿ, ತೋಳೇರಿಸಿಕೊಂಡು ಮತ್ತೆ ಜಗಳಕ್ಕೆ ಅಜ್ಜನ ಕಡೆ ತಿರುಗಿದಳು.